ಇಪ್ಪತ್ತಕ್ಕೆ ತೊಂಬತ್ತು

“ಸತ್ತವನ ಬಿಲ್ಲೆಗೆ ಇನ್ನೆಷ್ಟು ಹೊತ್ತು ಕಾವಲು ಕೂತಿರ್ತೀಯ ಅಜ್ಜಿ? ಆಡು, ಇಲ್ಲ ಎಲೆ ಬಿಡು. ಕೊಳೆತ ಮೊಟ್ಟೆ ಮೇಲೆ ಕೋಳಿ ಕೂತ ಹಾಗೆ ಕೂತ್ರೆ ಮರಿ ಆಗುತ್ತಾ?”

ಡ್ಯೂವಿ ಕ್ರೌಚ್ ಹೀಗೆಂದು ಮೇಜಿನ ಸುತ್ತ ನೋಡಿದನು. ನಗಬೇಕಾದವರು ನಕ್ಕರು.

ಜೆರೂಷಾ ಟಿಡ್ವೆಲ್ ನಗಲಿಲ್ಲ. ಕೈಯಲ್ಲಿದ್ದ ಐದು ಇಸ್ಪೀಟೆಲೆಗಳನ್ನು ಕವುಚಿ ಕೆಳಗಿಟ್ಟು, “ಬಿಟ್ಟೆ,” ಎಂದಳು. ಹಣದ ಬದಲಿಗೆ ಹಾಕುವ ಮಗನ ಬಿಲ್ಲೆಗಳಲ್ಲಿ ಮತ್ತೊಂದು ಮೇಜಿನ ನಡುವಿಗೆ ಹೋಗಿ ಬೇರೆಯವರದಾಯಿತು.

ಸಾಲ್ಟ್ ಡ್ರಾ ಊರಿನ ದನದ ಹರಾಜುಕಟ್ಟೆಯ ಮೇಲಂತಸ್ತಿನ ಕೋಣೆ ಅದು. ಶನಿವಾರದ ಮಧ್ಯಾಹ್ನ. ಕೆಳಗೆ ಮಾರಾಟವಾಗದೆ ಉಳಿದ ಕರುಗಳು ತಾಯಂದಿರಿಗಾಗಿ ಕೂಗುತ್ತಿದ್ದವು. ಟೆಕ್ಸಸ್‌ನ ಒಣಗಾಳಿ ಕಿಟಕಿಯ ಸಂದಿನಿಂದ ಕೆಂಪು ಧೂಳನ್ನು ತಂದು ಮೇಜಿನ ಮೇಲೆ ಹಾಕುತ್ತಿತ್ತು.

ಇದೇ ಮೇಜಿನಿಂದ ಆಟದ ನಡುವೆ ಎದ್ದುಹೋದ ಅವಳ ಮಗ ಆಮೋಸ್ ಕೆಳಗಿನ ದೊಡ್ಡಿಯ ಹಿಂದೆ ತಲೆಯೊಡೆದು ಸತ್ತಿದ್ದನು. ಆ ಕೊಲೆ ಮಾಂಸ ಸುಡುವ ಎಲಿಸಿಯೋನ ಕೊರಳಿಗೆ ಬಿದ್ದಿತ್ತು. ಸೋಮವಾರ ನ್ಯಾಯಾಧೀಶರು ರುಜು ಹಾಕಿದರೆ ಅವನನ್ನು ವಿದ್ಯುತ್ ಕುರ್ಚಿಗೆ ಸಾಗಿಸುತ್ತಾರೆ.

“ಬಾಯ್ಡ್, ನೀನು ಆ ಎಲಿಸಿಯೋನನ್ನ ಹಿಡಿದ ದಿನದಿಂದ ನಾವು ಡಬ್ಬಿ ಕಾಳು ತಿಂದುಕೊಂಡು ಬಿದ್ದಿದೀವಿ,” ಎಂದು ಕ್ರೌಚ್ ತಟ್ಟೆಯನ್ನು ತಳ್ಳಿದನು. “ಅವನ ಎರಡು ಕೈಯನ್ನ ಇಲ್ಲಿ ಬಿಟ್ಟು ಉಳಿದದ್ದನ್ನ ಕುರ್ಚಿಗೆ ಕೂರಿಸಬಹುದಿತ್ತಲ್ಲ!”

ಶೆರಿಫ್ ಬಾಯ್ಡ್ ಹ್ಯಾಸೆಲ್ ಹಲ್ಲು ಕೆದಕುತ್ತಿದ್ದ ಕಡ್ಡಿಯನ್ನು ತೆಗೆದನು. “ಅವನ ಕೊನೇ ಊಟಕ್ಕೂ ಇದೇ ಕಾಳು ಹಾಕ್ತಾರೆ. ಹೊಟ್ಟೆ ಉರ್ಕೋಬೇಡ.”

ಕಿಟಕಿಯ ಕೆಳಗೆ ಎಲಿಸಿಯೋನ ಒಲೆಗುಂಡಿ ತಣ್ಣಗೆ ಬಾಯಿ ತೆರೆದುಕೊಂಡಿತ್ತು. ಅದರ ಬೂದಿಯಲ್ಲಿ ಒಂದು ನಾಯಿ ಮಲಗಿತ್ತು.

ಜೆರೂಷಾ ಈ ಮೇಜಿಗೆ ಬಂದದ್ದು ಊರಿನ ಹಳೆಯ ಕಟ್ಟಳೆಯ ಬಲದಿಂದ. ಆಟ ಮುಗಿಯುವ ಮೊದಲೇ ಒಬ್ಬನು ಸತ್ತರೆ ಅವನ ಬಿಲ್ಲೆಗಳೂ ಆ ದಿನದ ಎಲೆಕಟ್ಟೂ ಒಂದೇ ತಗಡಿನ ಡಬ್ಬಿಗೆ ಹೋಗಬೇಕು. ರಕ್ತಸಂಬಂಧಿಯೊಬ್ಬರು ಬಂದು ಅವನ ಕುರ್ಚಿಯಲ್ಲಿ ಕುಳಿತು, ಅದೇ ಎಲೆಗಳಲ್ಲಿ, ಆ ಬಿಲ್ಲೆಗಳು ಮುಗಿಯುವ ತನಕ ಆಡಬೇಕು. ಅಲ್ಲಿಯತನಕ ಯಾರೂ ಏಳುವಂತಿಲ್ಲ. ಎಲೆಗಳನ್ನು ಎಣಿಸುವಂತೆಯೂ ಇಲ್ಲ. ಎಣಿಸಿದರೆ ಸತ್ತವನನ್ನು ಕಳ್ಳ ಎಂದಂತೆ.

ಹರಾಜುಕಟ್ಟೆಯ ಒಡೆಯ ಓರಿಲ್ ಫೇಗನ್ ಆ ಡಬ್ಬಿಗೆ ಬೀಗ ಹಾಕಿಟ್ಟಿದ್ದನು. ಕಪ್ಪು ಉಡುಪಿನ ಮುದುಕಿ ಬಾಗಿಲಲ್ಲಿ ನಿಂತು ಮಗನ ಕುರ್ಚಿ ಕೇಳಿದಾಗ ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಇಲ್ಲವೆನ್ನಲು ಯಾರಿಗೂ ಬಾಯಿ ಬರಲಿಲ್ಲ.

ಆ ಕಟ್ಟಿನಲ್ಲಿ ಐವತ್ತೆರಡು ಎಲೆ ಇರಲಿಲ್ಲ. ಐವತ್ತೊಂದೇ ಇದ್ದವು. ಅದು ಜೆರೂಷಾಳಿಗೆ ಗೊತ್ತಿತ್ತು.

ಮಗನ ಹೆಣವನ್ನು ಮನೆಗೆ ತಂದಾಗ ತೊಳೆದವಳು ಅವಳೇ. ಕೂದಲಿನ ರಕ್ತ ಬಿಡಿಸಲು ಬಿಸಿನೀರು ಬೇಕಾಯಿತು. ಕಚ್ಚಿಕೊಂಡಿದ್ದ ದವಡೆ ಬಿಡಿಸಲು ಬೆಣ್ಣೆ ಸವರುವ ಚಾಕು ಬೇಕಾಯಿತು. ಬಾಯಿ ಮುಚ್ಚಿಸಿ ಗಲ್ಲಕ್ಕೆ ಬಟ್ಟೆ ಕಟ್ಟುವ ಮೊದಲು ಒಳಗೆ ಬೆರಳು ಹಾಕಿ ಶುಚಿಮಾಡುವುದು ಅವಳ ತಾಯಿಯ ಕಾಲದಿಂದ ಬಂದ ರೀತಿ. ನಾಲಿಗೆಯ ಕೆಳಗೆ ನಾಲ್ಕು ಮಡಿಕೆಯಾಗಿ ಒಂದು ಇಸ್ಪೀಟೆಲೆ ಇತ್ತು. ಆಟೀನ್ ಆರು. ಆರು ಕೆಂಪು ಹೃದಯಗಳು ಎಂಜಲಿನಲ್ಲಿ ನೆಂದು ಕಂದಿದ್ದವು.

ಅವಳು ಅದನ್ನು ಒರಸಿ, ಒಣಗಿಸಿ, ಮೊಣಕಾಲೂರಿ ಪ್ರಾರ್ಥಿಸಿದಳು. ಆಮೇಲೆ ಪಕ್ಕದ ಊರಿನ ನ್ಯಾಯಾಧೀಶರಲ್ಲಿಗೆ ಹೋಗಿ, ಒಂದು ಸಾಕ್ಷಿ ಸಿಕ್ಕಿದೆ ಎಂದಷ್ಟೇ ಹೇಳಿದಳು. ಅವರು, “ಸಾಕ್ಷಿ ಒಂದೇ ಸಾಲದು ತಾಯಿ. ಅದರ ಜೊತೆಗೆ ಒಂದು ಹೆಸರನ್ನೂ ತನ್ನಿ,” ಎಂದಿದ್ದರು.

ಎಲೆಯನ್ನು ಈ ಕೋಣೆಗೆ ತರಲು ಅವಳಿಗೆ ಧೈರ್ಯವಾಗಲಿಲ್ಲ. ಅದು ಕೆಳಗೆ ಪಿಕಪ್ ಗಾಡಿಯಲ್ಲಿ ಕುಳಿತಿದ್ದ ಸೊಸೆ ಲೂರಲೀನ್‌ಳ ಹತ್ತಿರ ಇತ್ತು. ಕಿಟಕಿಯಿಂದ ಬಿಳಿ ಕರವಸ್ತ್ರ ಬೀಸಿದರೆ ಹೆಸರು ಸಿಕ್ಕಿತೆಂದು ಅರ್ಥ. ಆಗ ಲೂರಲೀನ್ ನೇರವಾಗಿ ಹೋಗಿ, ಎಲೆ ತೋರಿಸಿ, ನ್ಯಾಯಾಧೀಶರನ್ನು ಇಲ್ಲಿಗೇ ಕರೆತರಬೇಕು.

ಬೆಳಿಗ್ಗೆ ಎಲೆಯನ್ನು ಕೈಗಿಟ್ಟಾಗ ಲೂರಲೀನ್ ಅದನ್ನು ತಿರುಗಿಸಿ ನೋಡಿದ್ದಳು. “ಅತ್ತೆ, ಹಿಂದುಗಡೆ ಅಂಚಿನಲ್ಲಿ ಇದೇನು? ಎರಡು ಗೀರು?”

ಜೆರೂಷಾ ಉತ್ತರ ಕೊಟ್ಟಿರಲಿಲ್ಲ. “ಮಗೂನ ನಿಮ್ಮಮ್ಮನ ಹತ್ರ ಬಿಟ್ಟು ಬಾ,” ಎಂದಿದ್ದಳು. ಲೂರಲೀನ್ ಮಗುವನ್ನು ಬಿಟ್ಟುಬರಲಿಲ್ಲ. ಅದೂ ಗಾಡಿಯಲ್ಲೇ ಅವಳ ಮಗ್ಗುಲಲ್ಲಿ ಇತ್ತು.

ಫೇಗನ್ ಎಲೆ ಕಲೆಸಿದನು.

ಆ ದಿನ ಆಮೋಸ್‌ನ ಜೊತೆ ಆಡಿದ ಈ ಮೂವರಲ್ಲಿ ಯಾರೋ ಒಬ್ಬನಿಗೆ ಆ ಆರು ಈ ಕಟ್ಟಿನಲ್ಲಿಲ್ಲವೆಂದು ಗೊತ್ತು. ಆಮೋಸ್‌ನ ಜೇಬುಗಳು ಹೊರಕ್ಕೆ ತಿರುಗಿದ್ದವು. ಬೂಟುಗಳನ್ನು ಬಿಚ್ಚಿ ಎಸೆದಿದ್ದರು. ಹಣ ಮಾತ್ರ ಅಂಗಿಯೊಳಗೆ ಹಾಗೆಯೇ ಇತ್ತು. ಹುಡುಕಿದವನು, ಕೊಲೆ ಈ ಮೇಜಿನ ಜಗಳವೆಂದು ಹೇಳುವ ಆ ಎಲೆಯನ್ನೇ ಹುಡುಕಿದ್ದನು.

ಆದರೆ ಗೊತ್ತಿರುವುದನ್ನು ಮನುಷ್ಯನ ಬಾಯಿಂದ ತೆಗೆಯುವುದು ಹೇಗೆ?

ಶೆರಿಫ್ ಲೆಕ್ಕ ಹಾಕುವವನಲ್ಲ. ಆಸೆ ಬಂದರೆ ಹಣ ಹಾಕುವನು, ಬೇಸರ ಬಂದರೆ ಬಿಡುವನು. ಫೇಗನ್ ಕೈಯಲ್ಲಿ ಗೆಲುವು ಇದ್ದರೆ ಮಾತ್ರ ಆಡುವನು. ಕ್ರೌಚ್ ಬೇರೆ. ಅವನು ದನದ ಹರಾಜು ಕೂಗುವವನು. ಗೂಳಿಯ ಬೆನ್ನಿನ ಮೇಲೆ ಒಮ್ಮೆ ಕಣ್ಣಾಡಿಸಿ ತೂಕ ಹೇಳುತ್ತಿದ್ದನು, ಅದು ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಆಟದಲ್ಲಿಯೂ ಹಾಗೆಯೇ. ತಪ್ಪು ಬೆಲೆಗೆ ಒಂದು ಬಿಲ್ಲೆ ಕೊಟ್ಟರೂ ಅವನಿಗೆ ರಾತ್ರಿ ನಿದ್ದೆ ಬಾರದು ಎಂದು ಆಮೋಸ್ ಮನೆಯಲ್ಲಿ ಹೇಳಿ ನಗುತ್ತಿದ್ದನು. ಅದಲ್ಲದೆ ಎಲೆ ಬಿಟ್ಟಾಗಲೆಲ್ಲ ಕ್ರೌಚ್ ಅವನ್ನು ಬಿಚ್ಚಿ ತೋರಿಸಿ, ಏಕೆ ಬಿಟ್ಟೆನೆಂದು ಉಳಿದವರಿಗೆ ಪಾಠ ಹೇಳಬೇಕು. ಅದು ಅವನ ಚಟ.

ಆ ಪಾಠ ಜೆರೂಷಾಳಿಗೂ ಬರುತ್ತಿತ್ತು. ಅವಳ ಗಂಡ ಹೈರಮ್ ಊರೂರು ತಿರುಗಿ ಇಸ್ಪೀಟಾಡಿ ಬದುಕಿದವನು. ಮಳೆ ಬಾರದ ಒಂದು ವರ್ಷ ಅಡುಗೆಮನೆಯ ಮೇಜಿನ ಮೇಲೆ ಕಾಳುಗಳನ್ನಿಟ್ಟು ಅವಳಿಗೆ ಕಲಿಸಿದ್ದನು.

“ಕೈಯಲ್ಲಿ ನಾಲ್ಕು ಆಟೀನ್ ಇದ್ದಾವೆ ಅಂತಿಟ್ಕೋ. ಬೇಡದ ಐದನೇದನ್ನ ಕೊಟ್ಟು ಕಟ್ಟಿನಿಂದ ಬೇರೆ ತಗೋತೀಯ. ಅದೂ ಆಟೀನ್ ಬಂದ್ರೆ ಐದೂ ಒಂದೇ ಜಾತಿ, ಗೆದ್ದೆ. ಬಾರದಿದ್ರೆ ಕಸ. ನಿನ್ನ ಕೈಲಿರೋ ಐದನ್ನ ಬಿಟ್ರೆ ಕಾಣದ ಎಲೆ ನಲವತ್ತೇಳು. ಅದರಲ್ಲಿ ಆಟೀನ್ ಒಂಬತ್ತು, ಉಳಿದ ಮೂವತ್ತೆಂಟು ನಿನ್ನ ಶತ್ರು. ಒಂದು ಗೆಲುವಿಗೆ ನಾಲ್ಕೂಕಾಲು ಸೋಲು. ನೀನು ಹಾಕೋ ಒಂದು ಡಾಲರಿಗೆ ನಡುವಿನ ರಾಶೀಲಿ ನಾಲ್ಕೂಕಾಲಾದ್ರೂ ಇರಬೇಕು. ಇದ್ರೆ ಹಾಕು. ಇಲ್ದಿದ್ರೆ ದೇವರೇ ಬಂದು ಕರೆದ್ರೂ ಹಾಕಬೇಡ.”

“ದೇವರ ಹೆಸರು ಇದಕ್ಕೆ ತರಬೇಡಿ,” ಎಂದು ಅವಳು ಗದರಿದ್ದಳು.

ಒಂಬತ್ತು ಇದ್ದರೆ ನಾಲ್ಕೂಕಾಲು. ಒಂದು ಆಟೀನ್ ಕಟ್ಟಿನಲ್ಲೇ ಇಲ್ಲದಿದ್ದರೆ ಎಂಟು. ಶತ್ರುಗಳು ಮಾತ್ರ ಅದೇ ಮೂವತ್ತೆಂಟು. ಆಗ ಬೇಕಾದ ಬೆಲೆ ನಾಲ್ಕೂಮುಕ್ಕಾಲು. ಇವೆರಡರ ನಡುವೆ, ಸರಿಯಾಗಿ ನಾಲ್ಕೂವರೆಗೆ, ಕ್ರೌಚ್‌ನನ್ನು ನಿಲ್ಲಿಸಬೇಕು. ಏನೂ ಅರಿಯದ ಕ್ರೌಚ್ ಹಣ ಹಾಕುತ್ತಾನೆ. ಅರಿತ ಕ್ರೌಚ್ ಎಲೆ ಬಿಡುತ್ತಾನೆ.

ಮಧ್ಯಾಹ್ನದಿಂದ ಅವಳು ಇದಕ್ಕೇ ಕಾದಿದ್ದಳು. ಎರಡು ಸಲ ಹತ್ತಿರ ಬಂದು, ಎರಡು ಸಲವೂ ಶೆರಿಫ್ ನಡುವೆ ಹಣ ಎಸೆದು ಲೆಕ್ಕ ಕೆಡಿಸಿದ್ದನು. ಬಿಲ್ಲೆಗಳು ಕರಗುತ್ತಾ ಬಂದಿದ್ದವು.

“ಹತ್ತು ಹತ್ತು ಹಾಕಿ,” ಎಂದನು ಫೇಗನ್.

ನಾಲ್ವರೂ ಹತ್ತು ಡಾಲರಿನ ಬಿಲ್ಲೆ ನಡುವಿಗಿಟ್ಟರು. ನಲವತ್ತು. ಜೆರೂಷಾಳ ಮುಂದೆ ಮೂವತ್ತು ಉಳಿಯಿತು. ಎಲೆ ಬಂದವು. ಅವಳಿಗೆ ಎರಡು ರಾಣಿಗಳಿದ್ದವು. ಅದು ಅವಳಿಗೆ ಮುಖ್ಯವಾಗಿರಲಿಲ್ಲ.

ಶೆರಿಫ್ ಹತ್ತು ಹಾಕಿದನು. ಕ್ರೌಚ್ ತನ್ನ ಎಲೆಗಳನ್ನು ಒಂದೊಂದಾಗಿ ಸರಿಸಿ ನೋಡಿ, ಮಾತಿಲ್ಲದೆ ಹತ್ತು ಹಾಕಿದನು. ಅರವತ್ತು.

ಮಾತಿಲ್ಲದೆ! ಇಡೀ ಮಧ್ಯಾಹ್ನ ಮುಚ್ಚದ ಬಾಯಿ ಮುಚ್ಚಿತ್ತು. ಗೆಲ್ಲುವ ಕೈ ಇದ್ದಾಗ ಕ್ರೌಚ್ ಹರಟುವನು. ಬೇಕಾದ ಎಲೆ ಇನ್ನೂ ಬರಬೇಕಾಗಿದ್ದಾಗ ಮಾತ್ರ ಅವನು ಒಳಗೊಳಗೇ ಎಣಿಸುವನು.

ಜೆರೂಷಾ ಮೂವತ್ತನ್ನೂ ಅಂಗೈಯಿಂದ ಮುಂದಕ್ಕೆ ತಳ್ಳಿದಳು. “ನಿಮ್ಮ ಹತ್ತು, ಅದರ ಮೇಲೆ ಇಪ್ಪತ್ತು. ನನ್ನ ಹತ್ರ ಇರೋದು ಇಷ್ಟೇ.”

“ಅಯ್ಯೋ, ಕೋಳಿ ಎದ್ದಿತು,” ಎಂದನು ಶೆರಿಫ್.

ಫೇಗನ್ ಎಲೆ ಬಿಟ್ಟನು. ಶೆರಿಫ್ ಬಿಲ್ಲೆಗಳ ಮೇಲೆ ಕೈಯಿಟ್ಟನು. ಜೆರೂಷಾ ಮೇಜಿನ ಕೆಳಗೆ ಎರಡು ಕೈ ಜೋಡಿಸಿದಳು. ಶೆರಿಫ್ ಆಕಳಿಸಿದನು. “ಹೆಂಗಸರ ಹಣ ನನಗೆ ಬೇಡಪ್ಪಾ,” ಎಂದು ಎಲೆಗಳನ್ನು ಎಸೆದನು.

ನಡುವೆ ತೊಂಬತ್ತು. ಕ್ರೌಚ್ ಕೊಡಬೇಕಾದದ್ದು ಇಪ್ಪತ್ತು.

ಅವನ ಕಣ್ಣು ರಾಶಿಯ ಮೇಲೆ ಒಮ್ಮೆ ಹರಿಯಿತು. ಗೂಳಿಯ ಬೆನ್ನಿನ ಮೇಲೆ ಹರಿಯುವಂತೆ. ತುಟಿ ಅಲುಗಲಿಲ್ಲ. ಹೊರಗೆ ಒಂದು ಕರು ಕೂಗಿ ನಿಲ್ಲಿಸುವಷ್ಟು ಹೊತ್ತೂ ಆಗಲಿಲ್ಲ.

“ಬಿಟ್ಟೆ.”

ಅರಿತವನಂತೆಯೇ ಬಿಟ್ಟಿದ್ದನು. ಆದರೂ ಇನ್ನೂ ತಿಳಿದಂತಾಗಲಿಲ್ಲ. ಅವನ ಕೈಯಲ್ಲಿ ಆಟೀನ್ ಅಲ್ಲದೆ ಬೇರೇನೋ ಇದ್ದಿರಬಹುದು.

“ಹೆದರಿದೆಯೇನಪ್ಪಾ ಡ್ಯೂವಿ?” ಎಂದಳು. “ಮುದುಕಿಯ ಇಪ್ಪತ್ತು ಡಾಲರಿಗೆ?”

“ಹೆದರೋದಾ?” ಕ್ರೌಚ್ ಎಲೆಗಳನ್ನು ಅಂಗಾತ ಹರವಿದನು. ಆಟೀನ್ ರಾಜ, ಹತ್ತು, ಏಳು, ಮೂರು. ಜೊತೆಗೆ ಕೆಲಸಕ್ಕೆ ಬಾರದ ಒಂದು ಕಳಾವರ ಎರಡು. “ನೋಡಿ, ನೋಡಿ ಕಲೀರಿ. ಬಾಯ್ಡ್ ಆಗಿದ್ರೆ ಇದಕ್ಕೆ ಹೆಂಡ್ತಿ ಉಂಗುರಾನೂ ಹಾಕ್ತಿದ್ದ. ನಾನು ಹಾಕಲ್ಲ. ಇಪ್ಪತ್ತಕ್ಕೆ ತೊಂಬತ್ತು ಅಂದ್ರೆ ನಾಲ್ಕೂವರೆ. ಕಾಲು ಕಡಿಮೆ ಬಿತ್ತು ಅಜ್ಜಿ. ನಾಲ್ಕೂಮುಕ್ಕಾಲು ಮಾಡಿಕೊಡು, ಈಗ್ಲೂ ಬರ್ತೀನಿ!”

ಶೆರಿಫ್ ಗೊಳ್ಳೆಂದು ನಕ್ಕನು. ಫೇಗನ್ ಮುಂದಿನ ಆಟಕ್ಕೆ ಎಲೆ ಕೂಡಿಸತೊಡಗಿದನು.

“ಎಲೆ ಮುಟ್ಟಬೇಡ ಓರಿಲ್,” ಎಂದಳು ಜೆರೂಷಾ. “ಆ ಕಾಳಿನ ತಟ್ಟೆ ಇತ್ತ ಕೊಡು.”

“ಹಸಿವಾಯ್ತಾ ಜೆರೂಷಮ್ಮ?” ಎನ್ನುತ್ತ ಫೇಗನ್ ತಟ್ಟೆ ಸರಿಸಿದನು.

ಅವಳು ತಣ್ಣಗಾದ ಕಾಳುಗಳನ್ನು ಒಂದೊಂದಾಗಿ ಎತ್ತಿ ಮೇಜಿನ ಮೇಲೆ ಸಾಲಿಟ್ಟಳು. “ಆಟೀನ್ ಒಟ್ಟು ಹದಿಮೂರು. ಡ್ಯೂವಿ ಕೈಲಿ ನಾಲ್ಕು. ಉಳಿದದ್ದೆಷ್ಟು?”

“ಒಂಬತ್ತು,” ಎಂದನು ಫೇಗನ್, ಶಾಲೆಯ ಹುಡುಗನಂತೆ.

“ಒಂಬತ್ತು. ಸೋಲಿಸೋ ಎಲೆ ಮೂವತ್ತೆಂಟು. ಮೂವತ್ತೆಂಟನ್ನ ಒಂಬತ್ತು ಪಾಲು ಮಾಡಿದ್ರೆ ನಾಲ್ಕೂಕಾಲೂ ತುಂಬಲ್ಲ. ನಾನು ಕೊಟ್ಟಿದ್ದು ನಾಲ್ಕೂವರೆ. ಬೇಕಾದ್ದಕ್ಕಿಂತ ಜಾಸ್ತಿ. ನೀನು ನಗ್ತಾ ನಗ್ತಾ ಬರಬೇಕಿತ್ತು ಡ್ಯೂವಿ.”

ಕ್ರೌಚ್‌ನ ನಗು ಮುಖದ ಮೇಲೆ ಇದ್ದಲ್ಲೇ ನಿಂತಿತು.

ಜೆರೂಷಾ ಸಾಲಿನಿಂದ ಒಂದು ಕಾಳನ್ನು ತೆಗೆದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದು ನುಂಗಿದಳು.

“ಈಗ ಎಂಟು. ಮೂವತ್ತೆಂಟನ್ನ ಎಂಟು ಪಾಲು ಮಾಡು. ನಾಲ್ಕೂಮುಕ್ಕಾಲು. ನೀನು ಬಾಯಿಬಿಟ್ಟು ಕೇಳಿದ ಬೆಲೆ. ಆ ಒಂದು ಆಟೀನ್ ಈ ಕಟ್ಟಿನಲ್ಲಿಲ್ಲ ಅಂತ ನಿನಗೆ ಯಾರು ಹೇಳಿದರು?”

ಗಾಳಿ ಕಿಟಕಿಯನ್ನು ಅಲುಗಿಸಿತು.

“ತಪ್ಪಿತು,” ಎಂದನು ಕ್ರೌಚ್. “ಮನುಷ್ಯ ಅಂದ್ಮೇಲೆ ಲೆಕ್ಕ ತಪ್ಪಲ್ವಾ?”

“ಯಾರಿಗೆ? ನಿನಗಾ?” ಎಂಬ ಮಾತು ಫೇಗನ್‌ನ ಬಾಯಿಂದ ತಾನಾಗಿ ಬಿದ್ದುಹೋಯಿತು. ಕ್ರೌಚ್ ಅವನನ್ನು ನೋಡಿದ ನೋಟಕ್ಕೆ ಅವನು ತಲೆ ತಗ್ಗಿಸಿದನು.

ಆಗ ಶೆರಿಫ್ ನಗಲಾರಂಭಿಸಿದನು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಕುಲುಕಿಸಿ. “ಹೇಳಿಬಿಡೋ ಡ್ಯೂವಿ. ಇಷ್ಟು ವರ್ಷ ನಮಗೆ ಪಾಠ ಹೇಳಿದ್ದೆ. ಒಂದು ಮುದುಕಿ ಕಾಲು ಡಾಲರಿಗೆ ನಿನ್ನನ್ನ ಕೊಂಡುಬಿಟ್ಟಳಲ್ಲ!”

ಜೆರೂಷಾ ಶೆರಿಫ್‌ನ ಕಡೆ ತಿರುಗಿದಳು. ಅವಳ ಲೆಕ್ಕದಲ್ಲಿ ಈ ಮೂವರಲ್ಲಿ ಒಬ್ಬನೇ ಅಪರಾಧಿ. ಒಬ್ಬನ ಹೆಸರು ಸಿಕ್ಕರೆ ಶೆರಿಫ್ ಅವನಿಗೆ ಬೇಡಿ ಹಾಕಲೇಬೇಕಾಗುತ್ತದೆ ಎಂದು ಅವಳು ನಂಬಿದ್ದಳು. ಶೆರಿಫ್ ನಗುತ್ತಿರುವುದು ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

“ನಿನಗೂ ಗೊತ್ತಿತ್ತು,” ಎಂದಳು.

“ನನಗೂ ಗೊತ್ತು, ಓರಿಲ್‌ಗೂ ಗೊತ್ತು. ನಾನು ಎಣಿಸೋನಲ್ಲ ನೋಡಿ, ಅದಕ್ಕೆ ಸಿಕ್ಕಿಬೀಳಲಿಲ್ಲ.”

“ನಾನು ಬಾಗಿಲ ಹತ್ರ ನಿಂತಿದ್ದೆ ಅಷ್ಟೇ,” ಎಂದನು ಫೇಗನ್ ಎಲೆಕಟ್ಟನ್ನು ನೋಡುತ್ತ. “ಯಾರೂ ಕೆಳಗಿಳಿದು ಬಾರದ ಹಾಗೆ ನೋಡ್ಕೊಂಡೆ. ನಾನೇನೂ ಮುಟ್ಟಿಲ್ಲ.”

“ಮುಟ್ಟಿದವನು ಯಾರು?”

ಕ್ರೌಚ್ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡನು. ಸಿಕ್ಕಿಬಿದ್ದ ಅವಮಾನ ಅವನನ್ನು ಕ್ರೂರಿಯನ್ನಾಗಿ ಮಾಡಿತ್ತು.

“ನಿನ್ನ ಮಗ ಏನು ಅಂತ ಹೇಳ್ಲಾ ಅಜ್ಜಿ? ಭಾನುವಾರ ಚರ್ಚಿನಲ್ಲಿ ತಟ್ಟೆ ಹಿಡ್ಕೊಂಡು ಕಾಣಿಕೆ ಎತ್ತುತ್ತಿದ್ದನಲ್ಲ, ನಿನ್ನ ಆಮೋಸ್. ಅವನು ಕಳ್ಳ. ಆಟೀನ್ ಎಲೆಗಳಿಗೆಲ್ಲ ಹಿಂದಿನಿಂದ ಉಗುರಿನಲ್ಲಿ ಗುರುತು ಹಾಕ್ತಿದ್ದ. ನಮ್ಮ ಮನೆಯಲ್ಲಿ ಉಂಡು, ನಮ್ಮ ಮಕ್ಕಳ ತಲೆ ಸವರಿ, ನಮ್ಮನ್ನೇ ಸುಲೀತಿದ್ದ. ಮೊದಲು ಕಂಡುಹಿಡಿದವನು ನಾನು. ಬೆಲೆ ಇಲ್ಲದಲ್ಲಿ ಹಣ ಹಾಕಿ ಗೆಲ್ತಾ ಇದ್ದ. ಲೆಕ್ಕಕ್ಕೆ ಬಾರದೆ ಗೆಲ್ಲೋನು ಒಂದೋ ದೇವರ ಮಗ, ಇಲ್ಲ ಕಳ್ಳ. ಆವತ್ತು ಆ ಆರನ್ನ ಎತ್ತಿ ಬೆಳಕಿಗೆ ಹಿಡೀತೀನಿ ಅಂತ ಕೈ ಚಾಚಿದೆ. ಆ ಒಂದೆಲೆಯನ್ನ ಕಿತ್ಕೊಂಡು ಎದ್ದು ಓಡಿದ. ಎರಡು ಗೀರು, ಅಕ್ಕಪಕ್ಕ, ಹಾವು ಕಚ್ಚಿದ ಹಾಗೆ. ಅವನ ಎಡಗೈ ಹೆಬ್ಬೆರಳ ಉಗುರು ಎರಡು ಸೀಳಾಗಿತ್ತಲ್ಲ, ನೆನಪಿದೆಯಾ? ಆ ಉಗುರು. ಎಲೆ ನ್ಯಾಯಾಧೀಶರಿಗೆ ಕೊಡ್ತೀಯಾ? ಕೊಡು! ಮೊದಲು ನೇಣಿಗೆ ಬೀಳೋದು ನಿನ್ನ ಮಗನ ಹೆಸರು.”

ಅವನು ಅವಳ ಮುಖವನ್ನು ನೋಡುತ್ತ ಕಾದನು. ಏಟು ಎಲ್ಲಿ ಬಿತ್ತೆಂದು ನೋಡುವ ಆಸೆಯಿತ್ತು.

“ಆ ಉಗುರು ಸೀಳಿದ್ದು ಬಾವಿಯ ರಾಟೆಗೆ ಸಿಕ್ಕಿ,” ಎಂದಳು ಜೆರೂಷಾ. “ಅವನಿನ್ನೂ ಚಿಕ್ಕವನು. ರಾತ್ರಿಯೆಲ್ಲ ಅಳುತ್ತಿದ್ದ. ಕಟ್ಟು ಕಟ್ಟಿದವಳು ನಾನು. ಮದುವೆಯಾಗೋ ತನಕ ಆ ಒಂದು ಉಗುರು ಕತ್ತರಿಸಿಕೊಡೋಕೆ ನನ್ನ ಹತ್ರಾನೇ ಬರ್ತಿದ್ದ. ಅದರ ಗುರುತು ನೀನು ನನಗೆ ಹೇಳಬೇಕಾಗಿಲ್ಲ ಡ್ಯೂವಿ. ಎಲೆ ತಿರುಗಿಸಿದಾಗಲೇ ತಿಳೀತು.”

ಕ್ರೌಚ್‌ನ ಹುಬ್ಬು ಗಂಟಿಕ್ಕಿತು. “ಗೊತ್ತಿದ್ದೂ ಬಂದೆಯಾ?”

“ಕಳ್ಳನ ತಾಯಿ ಅನ್ನಿಸಿಕೊಂಡು ಬದುಕಬಹುದು. ಕರ್ತನು ಕಳ್ಳರನ್ನೂ ಕ್ಷಮಿಸ್ತಾನೆ ಅಂತ ನಂಬಿದವಳು ನಾನು. ನನ್ನ ಮಗನ ಹೆಸರು ಉಳಿಯಲಿ ಅಂತ ಎಲಿಸಿಯೋನನ್ನ ಸುಡಲಿಕ್ಕೆ ಬಿಟ್ಟು, ಆಮೇಲೆ ಯಾವ ಬಾಯಲ್ಲಿ ಪ್ರಾರ್ಥನೆ ಮಾಡಲಿ? ನೀನು ಇವತ್ತು ಹೇಳಿದ ಬೆಲೆ ನಾನು ಆವತ್ತೇ ಕೊಟ್ಟಾಗಿದೆ.”

ಕ್ರೌಚ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದನು. “ನಾನು ಜೇಬು ಹುಡುಕಿದೆ. ಬೂಟು ಬಿಚ್ಚಿದೆ. ಅಷ್ಟೇ ನನ್ನ ಪಾಲು. ಹೊಡೆದವನು ನಾನಲ್ಲ. ಯಾವ ಬೈಬಲ್ ಮೇಲೆ ಬೇಕಾದ್ರೂ ಕೈಯಿಡ್ತೀನಿ.”

ಅವನು ಫೇಗನ್‌ನನ್ನೂ ನೋಡಲಿಲ್ಲ, ಶೆರಿಫ್‌ನನ್ನೂ ನೋಡಲಿಲ್ಲ.

“ಎಲ್ಲಿತ್ತು ಅದು?” ಎಂದು ಶೆರಿಫ್ ಸುಮ್ಮನೆ ಕುತೂಹಲಕ್ಕೆಂಬಂತೆ ಕೇಳಿದನು.

“ಅವನ ನಾಲಿಗೆ ಕೆಳಗೆ.”

ಶೆರಿಫ್ ಕ್ರೌಚ್‌ನ ಕಡೆ ಕಡ್ಡಿ ತೋರಿಸಿದನು. “ಬಾಯಿ ನೋಡು ಅಂತ ಹೇಳಿದ್ನಲ್ಲೋ. ‘ಇನ್ನೂ ಉಸಿರಾಡ್ತಿದಾನೆ, ಬೆರಳು ಕಚ್ಚಿದ್ರೆ?’ ಅಂದೆ ನೀನು.”

ಜೆರೂಷಾ ಎರಡು ಕೈಯಿಂದ ಮೇಜಿನ ಅಂಚನ್ನು ಹಿಡಿದುಕೊಂಡಳು. ಇನ್ನೂ ಉಸಿರಾಡುತ್ತಿದ್ದನು. ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ತಲೆಗೆ ಬಿದ್ದ ಒಂದೇ ಏಟಿಗೆ, ಏನೂ ತಿಳಿಯದೆ ಹೋದನೆಂದು ವೈದ್ಯರು ಹೇಳಿದ್ದರು. ಆ ಒಂದು ಮಾತನ್ನು ಹಿಡಿದುಕೊಂಡೇ ಅವಳು ಈವರೆಗೆ ಊಟ ಮಾಡಿದ್ದಳು, ಮಲಗಿದ್ದಳು.

“ಕರ್ತನೇ,” ಎಂದಳು.

“ಈಗ ಎಲ್ಲಿದೆ ಅದು, ಜೆರೂಷಮ್ಮ?” ಶೆರಿಫ್‌ನ ದನಿ ಮೆತ್ತಗಿತ್ತು. “ಮರ್ಯಾದೆಯಿಂದ ಕೇಳ್ತಿದೀನಿ.”

ಅವಳು ಎದ್ದಳು. ತೋಳಿನೊಳಗಿಂದ ಬಿಳಿ ಕರವಸ್ತ್ರ ತೆಗೆದಳು. ಕಿಟಕಿಯ ಬಳಿ ನಡೆದಳು. ಕ್ರೌಚ್ ದಡಕ್ಕನೆ ಎದ್ದು ಅವಳ ತೋಳಿಗೆ ಕೈಹಾಕಿದನು.

“ಬಿಡು ಡ್ಯೂವಿ,” ಎಂದನು ಶೆರಿಫ್. “ಬೀಸಲಿ.”

ಕ್ರೌಚ್ ಅಚ್ಚರಿಯಿಂದ ಕೈಬಿಟ್ಟನು. ಜೆರೂಷಾಳಿಗೂ ಅಚ್ಚರಿಯಾಯಿತು. ಆದರೆ ಯೋಚಿಸಲು ಅದು ಹೊತ್ತಲ್ಲ. ಕಿಟಕಿಯನ್ನು ಮೇಲೆತ್ತಿ, ಧೂಳಿನ ಗಾಳಿಗೆ ಕರವಸ್ತ್ರವನ್ನು ಬಿಚ್ಚಿ ಬೀಸಿದಳು.

ಕೆಳಗೆ ಪಿಕಪ್ ಗಾಡಿಯಲ್ಲಿ ಲೂರಲೀನ್ ತಲೆಯೆತ್ತಿದಳು. ಮಗು ಅವಳ ತೊಡೆಯ ಮೇಲೆ ಮಲಗಿತ್ತು. ಅವಳು ಕರವಸ್ತ್ರವನ್ನು ನೋಡಿದಳು. ಅತ್ತೆಯ ಮುಖವನ್ನು ನೋಡಿದಳು. ಗಾಡಿ ಗುರುಗುಟ್ಟಿ ಹೊರಟಿತು.

ಜೆರೂಷಾ ಅವರ ಕಡೆ ತಿರುಗಿದಳು. “ನ್ಯಾಯಾಧೀಶರು ಬರ್ತಾರೆ. ಒಂದು ಹೆಸರು ಕೇಳಿದ್ದರು. ಮೂರು ಕೊಡ್ತೀನಿ.”

ಫೇಗನ್ ಕುರ್ಚಿಯಲ್ಲಿ ಕುಸಿದನು. ಶೆರಿಫ್ ಮಾತ್ರ ಎದ್ದು ಬಂದು ಅವಳ ಪಕ್ಕದಲ್ಲಿ ಕಿಟಕಿಗೆ ಮೊಣಕೈಯೂರಿ ನಿಂತನು, ಸಂತೆಯಲ್ಲಿ ಹಸು ನೋಡುವವನಂತೆ.

ಊರಾಚೆ ಗಾಳಿಗಿರಣಿಯ ಬಳಿ ರಸ್ತೆ ಎರಡಾಗುತ್ತದೆ. ಬಲಕ್ಕೆ ಹೋದರೆ ನ್ಯಾಯಾಧೀಶರ ಊರು. ಎಡಕ್ಕೆ ಹೋದರೆ ಬರಿಯ ಬಯಲು, ಆ ಬಯಲು ದಾಟಿದರೆ ನ್ಯೂ ಮೆಕ್ಸಿಕೋ.

ಗಾಡಿ ಅಲ್ಲಿಗೆ ಹೋಗಿ ನಿಂತಿತು.

“ಏಕೆ ನಿಂತಳು?” ಎಂದಳು ಜೆರೂಷಾ.

“ನೀವು ನಿಮ್ಮ ಬೆಲೆ ಕೊಟ್ಟಿರಿ, ಸರಿ,” ಎಂದನು ಶೆರಿಫ್. “ಆ ಹುಡುಗಿಗೆ ಮಗಳಿದಾಳೆ. ನಾಳೆ ಶಾಲೆಯಲ್ಲಿ ಅದನ್ನ ಕಳ್ಳನ ಮಗಳು ಅಂತಾರೆ. ಅವಳ ಬೆಲೆ ಎಷ್ಟು ಅಂತ ಕೇಳಿದ್ರಾ?”

ಎರಡು ಗೀರು. ಇದೇನು ಅತ್ತೆ? ತಾನು ಉತ್ತರ ಕೊಟ್ಟಿರಲಿಲ್ಲ.

ಹಿಂದಿನಿಂದ ಕ್ರೌಚ್‌ನ ಹರಾಜಿನ ದನಿ ಎದ್ದಿತು. ಅವನಿಗೆ ಮತ್ತೆ ನಗು ಬಂದಿತ್ತು. “ಒಂದು ಸಲ...”

ಗಾಡಿ ಅಲುಗಲಿಲ್ಲ.

“ಎರಡು ಸಲ...”

ಜೆರೂಷಾ ಕರವಸ್ತ್ರವನ್ನು ಮತ್ತೆ ಬೀಸಿದಳು. ಗಾಳಿ ಅದನ್ನು ಅವಳ ಕೈಯಿಂದ ಕಿತ್ತುಕೊಂಡು ಎಲಿಸಿಯೋನ ತಣ್ಣನೆಯ ಒಲೆಗುಂಡಿಗೆ ಹಾಕಿತು.

ಗಾಡಿ ಹೊರಟಿತು. ಎಡಕ್ಕೆ ತಿರುಗಿತು. ಕೆಂಪು ಧೂಳು ಎದ್ದು, ಉದ್ದವಾಗಿ, ಬಯಲಿನ ಮೇಲೆ ತೆಳುವಾಯಿತು.

ಕ್ರೌಚ್ ಮೂರನೆಯ ಸಲ ಕೂಗಲಿಲ್ಲ. ಅಂಗೈಯಿಂದ ಮೇಜನ್ನು ಒಮ್ಮೆ ತಟ್ಟಿದನು, ಮಾಲು ಹೋದಾಗ ತಟ್ಟುವಂತೆ.

ಶೆರಿಫ್ ಕಿಟಕಿಯನ್ನು ಕೆಳಗೆಳೆದು ಅಗಳಿ ಹಾಕಿದನು. ಅವನ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಗಾಡಿ ಯಾವ ಕಡೆ ತಿರುಗುವುದೆಂದು ಮೊದಲೇ ತಿಳಿದವನಂತೆ ಇದ್ದನು. ಅದನ್ನು ಜೆರೂಷಾ ಈಗ ಕಂಡಳು.

“ನೀನು ಅವಳ ಹತ್ರ ಮೊದಲೇ ಮಾತಾಡಿದ್ದೀಯ. ಎಲೆ ಎಲ್ಲಿದೆ ಅಂತ ಗೊತ್ತಿದ್ದೂ ಕೇಳಿದೆ,” ಎಂದಳು.

ಅವನು ಮೇಜಿಗೆ ಮರಳಿದನು. ನಡುವಿನ ರಾಶಿಯನ್ನು ಎರಡು ಕೈಯಿಂದ ಬಾಚಿ, ಬಹಳ ಗೌರವದಿಂದ, ಅವಳ ಕುರ್ಚಿಯ ಮುಂದೆ ತಂದಿಟ್ಟನು.

“ಕೂತ್ಕೊಳ್ಳಿ ಜೆರೂಷಮ್ಮ. ಡ್ಯೂವಿ ಬಿಟ್ಟ ಕೈ, ನೀವು ಗೆದ್ದಿರಿ. ತೊಂಬತ್ತು ಡಾಲರ್. ಕಟ್ಟಳೆ ಅಂದ್ರೆ ಕಟ್ಟಳೆ. ಸತ್ತವನ ಬಿಲ್ಲೆ ಮುಗಿಯೋ ತನಕ ಯಾರೂ ಏಳೋ ಹಾಗಿಲ್ಲ.”

ಫೇಗನ್ ಹೋಗಿ ಬಾಗಿಲಿಗೆ ಬೋಲ್ಟು ಹಾಕಿ ಬಂದನು. ಕುಳಿತು ಎಲೆ ಕಲೆಸಿದನು.

ಜೆರೂಷಾ ಮಗನ ಕುರ್ಚಿಯಲ್ಲಿ ಕುಳಿತಳು. ಮುಂದಿದ್ದ ಬಿಲ್ಲೆಗಳನ್ನು ನೋಡಿದಳು.

“ಬಿಲ್ಲೆ ಮುಗಿದ ಮೇಲೆ?” ಎಂದು ಕೇಳಿದಳು.

ಶೆರಿಫ್ ಬೋಲ್ಟು ಹಾಕಿದ ಬಾಗಿಲನ್ನು ಒಮ್ಮೆ ನೋಡಿದನು. ಫೇಗನ್ ಮೊದಲನೆಯ ಎಲೆಯನ್ನು ಅವಳ ಮುಂದೆ ಜಾರಿಸಿದನು.